ಎಡಗಾಲಿಗೆ ಕೆಲಸವಿಲ್ಲದ ಕಾರು

ನನ್ನ ಗಂಡನ ಅಣ್ಣನ ಮೇಲೆ ನನಗಿದ್ದ ಹಗೆ ಬನಶಂಕರಿ ಎರಡನೇ ಹಂತದ ಒಂದು ಏರುರಸ್ತೆಯಲ್ಲಿ ಹುಟ್ಟಿತು. ಸಿಟ್ಟು ಬಂದು ಹೋಗುವ ಸ್ವಭಾವ ನನ್ನದಲ್ಲ. ಬಂದರೆ ಮನೆ ಮಾಡಿಕೊಂಡು ಕೂತುಬಿಡುತ್ತದೆ. ತವರಿನಲ್ಲಿ ಅಮ್ಮ ಇದಕ್ಕೆ ತಲೆ ಚಚ್ಚಿಕೊಳ್ಳುತ್ತಿದ್ದಳು. ‘ಮರೆತುಬಿಡೋದು ಕಲ್ತುಕೋ, ಇಲ್ಲದಿದ್ರೆ ಅತ್ತೆ ಮನೇಲಿ ನೀನೇ ಬೇಯ್ತೀಯ’ ಅನ್ನುತ್ತಿದ್ದಳು. ನಾನು ಕಲಿಯಲಿಲ್ಲ.

ಮದುವೆಯಾಗಿ ಜಯನಗರದ ಆ ಮನೆಗೆ ಬಂದಾಗ ತೊಂಬತ್ತರ ದಶಕದ ಶುರು. ಕೆಳಗಿನ ಮನೆಯಲ್ಲಿ ಅತ್ತೆ, ಭಾವ, ಓರಗಿತ್ತಿ. ಮಹಡಿಯ ಮೇಲೆ ನಾವು. ಗೇಟಿನ ಒಳಗೆ ಮಾವನವರು ಬಿಟ್ಟುಹೋದ ಬಿಳಿ ಕಾರು. ನನ್ನ ಗಂಡನಿಗೆ ಸ್ಕೂಟರು ಸಾಕಾಗಿತ್ತು, ಹಾಗಾಗಿ ಕಾರೆಂದರೆ ಭಾವ, ಭಾವ ಎಂದರೆ ಕಾರು ಎನ್ನುವಂತಾಗಿತ್ತು. ಭಾನುವಾರ ಬೆಳಿಗ್ಗೆ ಅದನ್ನು ತೊಳೆಯುವಾಗ ಓರಗಿತ್ತಿ ಬಕೆಟ್ಟಿನಲ್ಲಿ ನೀರು ತಂದು ತಂದು ಕೊಡಬೇಕು. ಆದರೆ ಬಾಗಿಲಿನ ಹಿಡಿ ಮುಟ್ಟಿದರೆ ‘ಕೈ ಒದ್ದೆ ಇದೆ, ಬಿಡೇ’ ಎಂದು ಗದರುತ್ತಿದ್ದರು.

ನನ್ನ ಎಡಗಾಲಿನ ಕಥೆಯನ್ನೂ ಇಲ್ಲೇ ಹೇಳಿಬಿಡಬೇಕು. ಚಿಕ್ಕವಳಿದ್ದಾಗ ಸೀಬೆಮರದಿಂದ ಬಿದ್ದು ಪಾದದ ಗಿಣ್ಣು ಮುರಿದಿತ್ತು. ಕೂಡಿಕೊಂಡಾಗ ಸ್ವಲ್ಪ ಸೊಟ್ಟಗೆ ಕೂಡಿಕೊಂಡಿತು. ನಡೆಯುವಾಗ ಒಂದಿಷ್ಟು ಎಳೆಯುತ್ತದೆ, ಅಷ್ಟೆ. ಬಸ್ಸು ಹತ್ತುತ್ತೇನೆ, ಮೆಟ್ಟಿಲು ಹತ್ತುತ್ತೇನೆ. ಬನ್ನೇರುಘಟ್ಟ ರಸ್ತೆಯ ಒಂದು ಕಂಪನಿಯಲ್ಲಿ ಲೆಕ್ಕಪತ್ರದ ಕೆಲಸ ಮಾಡಿಕೊಂಡು ದಿನಾ ಎರಡು ಬಸ್ಸು ಬದಲಾಯಿಸಿ ಹೋಗಿಬರುತ್ತಿದ್ದೆ. ಆ ಗಿಣ್ಣಿಗೆ ಆಗದಿದ್ದದ್ದು ಒಂದೇ: ಒತ್ತಿದ್ದನ್ನು ಅರ್ಧದಲ್ಲಿ ಹಿಡಿದು ನಿಲ್ಲುವುದು. ಅದು ನನಗೂ ಗೊತ್ತಿರಲಿಲ್ಲ, ಕ್ಲಚ್ ಮೇಲೆ ಕಾಲಿಡುವ ತನಕ.

ನಾನು ಡ್ರೈವಿಂಗ್ ಕಲಿಯಲಿ ಎಂದವರು ಅತ್ತೆ. ‘ಹೇಳ್ಕೊಡೋ ಅವಳಿಗೆ. ನೀನು ಊರಲ್ಲಿ ಇಲ್ಲದಾಗ ನನ್ನನ್ನ ಡಾಕ್ಟರ ಹತ್ರ ಕರ್ಕೊಂಡ್ ಹೋಗೋಕೆ ಮನೇಲಿ ಒಬ್ಬರು ಬೇಕಲ್ಲ’ ಎಂದು ಭಾವನ ಬೆನ್ನು ಬಿದ್ದರು. ಅಮ್ಮನ ಮಾತು ತೆಗೆದುಹಾಕಲಾಗದೆ ಭಾವ ಒಪ್ಪಿದರು. ಮೈದಾನದಲ್ಲಿ, ಖಾಲಿ ರಸ್ತೆಗಳಲ್ಲಿ ಎಲ್ಲ ಚೆನ್ನಾಗಿಯೇ ಹೋಯಿತು. ಆಮೇಲೊಂದು ಭಾನುವಾರ ಅವರು ಬೇಕೆಂದೇ ಆ ಏರಿನ ನಡುವೆ ನಿಲ್ಲಿಸಲು ಹೇಳಿದರು.

‘ಹ್ಯಾಂಡ್ ಬ್ರೇಕ್ ಮುಟ್ಟಬೇಡ. ಅರ್ಧ ಕ್ಲಚ್ಚಲ್ಲಿ ಹಿಡಿ. ಹಿಡಿದೇ ಇರು.’

ಹಿಡಿದೆ. ಗಿಣ್ಣು ಮೊದಲು ನೋಯಿತು, ಆಮೇಲೆ ನಡುಗಿತು, ಆಮೇಲೆ ನನ್ನ ಮಾತನ್ನೇ ಕೇಳಲಿಲ್ಲ. ಕಾರು ಎಗರಿ ಆಫ್ ಆಯಿತು, ಬ್ರೇಕ್ ಒತ್ತುವಷ್ಟರಲ್ಲಿ ಹಿಂದಕ್ಕೆ ಜಾರಿ ಹಿಂದೆ ನಿಂತಿದ್ದ ಆಟೋದ ಮೂತಿಗೆ ತಾಗಿತು. ಅಂಥ ಪೆಟ್ಟೇನೂ ಅಲ್ಲ. ಆಟೋದವನು ಇಳಿದು ಬಗ್ಗಿ ನೋಡಿ, ‘ಏನೂ ಆಗಿಲ್ಲ ಬಿಡಿ ಸಾರ್, ಅಕ್ಕ ಕಲೀತಾವ್ರೆ’ ಎಂದ. ಅಲ್ಲಿಗೆ ಮುಗಿಯಬಹುದಿತ್ತು. ಭಾವ ಕೆಳಗಿಳಿದರು. ಅಷ್ಟರಲ್ಲಿ ಹಿಂದೆ ಒಂದು ಬಸ್ಸೂ ನಿಂತಿತ್ತು. ಕಿಟಕಿಗಳಿಂದ ಜನ ಕತ್ತು ಹೊರಹಾಕಿ ನೋಡುತ್ತಿದ್ದರು. ಅವರೆಲ್ಲರಿಗೂ ಕೇಳಿಸುವ ಹಾಗೆ ಭಾವ ಹೇಳಿದರು:

‘ತಪ್ಪು ತಿಳ್ಕೋಬೇಡಪ್ಪಾ. ಕಾಲು ನೆಟ್ಟಗಿಲ್ಲದೋಳು. ಮನೇಲಿ ಹಿಂಸೆ ಮಾಡಿದ್ರು ಅಂತ ಕೂರಿಸ್ದೆ.’

ನನ್ನ ಕಡೆಯ ಬಾಗಿಲು ತೆಗೆದು ‘ಇಳಿಯಮ್ಮ, ಹಿಂದೆ ಕೂತ್ಕೋ’ ಎಂದರು. ಅಷ್ಟು ಜನರ ಕಣ್ಣೆದುರಿಗೆ ಕಾರನ್ನು ಸುತ್ತಿ ಹೋಗಿ ಹಿಂದಿನ ಸೀಟಿನಲ್ಲಿ ಕೂತೆ. ಕಾಲು ಎಂದಿಗಿಂತ ಹೆಚ್ಚು ಎಳೆಯುತ್ತಿತ್ತು.

ಅಲ್ಲಿಗೆ ಬಿಟ್ಟಿದ್ದರೆ ನಾನೂ ಬಿಡುತ್ತಿದ್ದೆನೋ ಏನೋ. ಭಾವ ಅದನ್ನು ಕಥೆ ಮಾಡಿಕೊಂಡರು. ನಾಮಕರಣ, ಉಪನಯನ, ಗೃಹಪ್ರವೇಶ, ಎಲ್ಲಿ ನಾಲ್ಕು ಜನ ನೆಂಟರು ಸೇರಿದರೆ ಅಲ್ಲಿ ಅದು ಬರುತ್ತಿತ್ತು. ಬರಬರುತ್ತಾ ಆಟೋ ಹೋಗಿ ಬಸ್ಸಾಯಿತು, ಮೂತಿಗೆ ತಾಗಿದ್ದು ಗಾಜು ಪುಡಿಯಾದದ್ದಾಯಿತು. ಒಂದು ಮದುವೆಯ ಪಂಕ್ತಿಯಲ್ಲಂತೂ ಎಲೆ ಬಿಟ್ಟು ಎದ್ದು, ನಾನು ಕಾರನ್ನು ಸುತ್ತಿ ನಡೆದದ್ದನ್ನು ಕಾಲು ಎಳೆದುಕೊಂಡು ನಡೆದು ತೋರಿಸಿದರು. ಚಿತ್ರಾನ್ನ ಬಡಿಸುತ್ತಿದ್ದವನೂ ನಕ್ಕ. ನನ್ನ ಪಕ್ಕದಲ್ಲಿ ಕೂತಿದ್ದ ನನ್ನ ಗಂಡ ನಗಲಿಲ್ಲ, ನಿಜ. ಆದರೆ ತಲೆ ಬಗ್ಗಿಸಿ ಕೋಸಂಬರಿ ತಿನ್ನುತ್ತಿದ್ದರು. ಓರಗಿತ್ತಿ ಎದುರು ಸಾಲಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಏನಿತ್ತೋ ಆಗ ನನಗೆ ಓದಲಾಗಲಿಲ್ಲ.

ಆ ದಿನ ಕೈ ತೊಳೆಯುವ ನಲ್ಲಿಯ ಹತ್ತಿರ ನಿಂತು ನಿಶ್ಚಯ ಮಾಡಿದೆ. ಈ ಮನುಷ್ಯನನ್ನು ಇದೇ ನೆಂಟರ ಮುಂದೆ, ಇದೇ ಕಾರಿನ ವಿಷಯದಲ್ಲಿ, ನಗೆಪಾಟಲು ಮಾಡದೆ ಬಿಡುವುದಿಲ್ಲ. ಹೇಗೆ ಎಂದು ಗೊತ್ತಿರಲಿಲ್ಲ. ಆದರೆ ಆಮೇಲೆ ಅವರು ಆ ಕಥೆ ಹೇಳಿದಾಗಲೆಲ್ಲ ನಾನೂ ನಗುತ್ತಾ ಕೂತೆ. ‘ಪಾಪ, ಎಷ್ಟು ಒಳ್ಳೇ ಹೆಣ್ಣು, ಬೇಜಾರೇ ಮಾಡ್ಕೊಳ್ಳಲ್ಲ’ ಎಂದು ನೆಂಟರು ಹೊಗಳಿದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ದಿನ ಆಫೀಸಿನ ಗೆಳತಿಯೊಬ್ಬಳು, ಜಯನಗರ ಮೂರನೇ ಬ್ಲಾಕಿನಲ್ಲಿ ನಿವೃತ್ತ ಲೇಡಿ ಡಾಕ್ಟರೊಬ್ಬರು ತಮ್ಮ ಸಣ್ಣ ಕಾರನ್ನು ಮಾರುತ್ತಿದ್ದಾರೆ, ಅದಕ್ಕೆ ಕ್ಲಚ್ಚೇ ಇಲ್ಲವಂತೆ ಎಂದಳು. ನನಗೆ ನಂಬಿಕೆ ಬರಲಿಲ್ಲ. ಆ ಸಂಜೆಯೇ ಹೋದೆ. ಡಾಕ್ಟರಮ್ಮನಿಗೆ ಸೊಂಟದ ಆಪರೇಷನ್ ಆದಮೇಲೆ ಕೊಂಡ ಗಾಡಿಯಂತೆ. ಈಗ ಕಣ್ಣು ಮಂಜಾಗಿ ಬಿಡಬೇಕಾಗಿ ಬಂದಿತ್ತು. ನಾನು ಗೇಟಿನಿಂದ ನಡೆದು ಬರುವುದನ್ನು ನೋಡಿದ್ದರು. ಕಾರಿನಲ್ಲಿ ಕೂರಿಸಿ ಅವರು ಹೇಳಿದ ಮೊದಲ ಮಾತು ಇದು:

‘ಎಡಗಾಲು ಒಳಕ್ಕೆ ಎಳಕೊಂಡು ಆರಾಮಾಗಿ ಇಟ್ಕೊಳ್ಳಿ. ಈ ಕಾರಲ್ಲಿ ಅದಕ್ಕೆ ಕೆಲಸವೇ ಇಲ್ಲ.’

ಆ ಸೀಟಿನಲ್ಲಿ ಕೂತು ನನಗೆ ಅಳು ಬಂತು. ಅಳಲಿಲ್ಲ. ಭಾವನ ಮುಖ ನೆನಪಿಸಿಕೊಂಡೆ, ಅಳು ತಾನಾಗಿ ನಿಂತಿತು.

ಕೊಂಡ ಮೇಲೂ ಡಾಕ್ಟರಮ್ಮ ಕೆಲವು ವಾರ ನನ್ನ ಪಕ್ಕ ಕೂತು ಕಲಿಸಿದರು. ಲಿವರಿನ ಪಕ್ಕ ಮೇಲಿಂದ ಕೆಳಕ್ಕೆ ಬರೆದಿದ್ದ ಅಕ್ಷರಗಳನ್ನು ನಾನು ಮಗ್ಗಿಯಂತೆ ಬಾಯಿಪಾಠ ಮಾಡಿದೆ. ಪಿ ಎಂದರೆ ನಿಲ್ಲಿಸಿಡುವಾಗ. ಆರ್ ಹಿಂದಕ್ಕೆ. ಎನ್ ಎಂದರೆ ಗೇರಿಲ್ಲ. ಡಿ ಎಂದರೆ ಓಡಿಸು. ಅದರ ಕೆಳಗೆ ಎರಡು ಎಂಬ ಅಂಕಿ, ಕೊನೆಗೆ ಎಲ್, ಇವೆರಡೂ ಗಾಡಿಯನ್ನು ನಿಧಾನದ ಗೇರಿನಲ್ಲೇ ಹಿಡಿದಿಡಲು. ‘ಡಿಗೆ ಹಾಕಿದ್ರೆ ಆಯ್ತು ಅಂತ ಎಲ್ಲರೂ ಅನ್ಕೊಂಡಿದಾರೆ’ ಎಂದು ಡಾಕ್ಟರಮ್ಮ ನಗುತ್ತಿದ್ದರು. ನಾಲ್ಕನೇ ಬ್ಲಾಕಿನ ಸಂಜೆಯ ಜನಜಂಗುಳಿಯಲ್ಲಿ ಡಿಯಲ್ಲಿಟ್ಟು ಬರೀ ಬ್ರೇಕನ್ನು ಸ್ವಲ್ಪ ಸ್ವಲ್ಪ ಸಡಿಲಿಸುತ್ತಾ ತೆವಳುವುದು. ಸಿಗ್ನಲ್ ಬಹಳ ಹೊತ್ತು ಬಿಡದಿದ್ದರೆ ಎನ್‌ಗೆ ತಂದು ಹ್ಯಾಂಡ್ ಬ್ರೇಕ್ ಎಳೆದು ಕಾಲಿಗೆ ವಿಶ್ರಾಂತಿ ಕೊಡುವುದು. ಇಳಿಜಾರಿನಲ್ಲಿ ಮಾತ್ರ ಎನ್‌ನ ಆಸೆ ಮಾಡದೆ ಎರಡಕ್ಕೋ ಎಲ್‌ಗೋ ಇಳಿಸಿ ಎಂಜಿನ್ನೇ ಕಾರನ್ನು ಹಿಡಿಯುವಂತೆ ಮಾಡುವುದು. ಇಳಿಜಾರಿನಲ್ಲಿ ನಿಲ್ಲಿಸುವಾಗ ಮೊದಲು ಹ್ಯಾಂಡ್ ಬ್ರೇಕು, ಆಮೇಲೆ ಪಿ. ಹಿಂದುಮುಂದಾದರೆ ಕಾರಿನ ಭಾರವೆಲ್ಲ ಪಿಯ ಮೇಲೆ ಬಿದ್ದು ಲಿವರು ಕಚ್ಚಿಕೊಳ್ಳುತ್ತದೆ.

ಕಲಿತ ಮೇಲೆ ಬನಶಂಕರಿಯ ಆ ಏರಿಗೆ ಒಬ್ಬಳೇ ಹೋದೆ. ನಡುವೆ ನಿಲ್ಲಿಸಿದೆ. ಬಲಗಾಲನ್ನು ಬ್ರೇಕಿನಿಂದ ತೆಗೆದು ಆಕ್ಸಿಲರೇಟರಿನ ಮೇಲಿಟ್ಟೆ. ಕಾರು ಕೂದಲೆಳೆಯಷ್ಟೂ ಹಿಂದೆ ಬರದೆ ಮೇಲೆ ಹೋಯಿತು. ತಿರುಗಿಸಿಕೊಂಡು ಬಂದು ಮತ್ತೆ ನಿಲ್ಲಿಸಿದೆ. ಸಂತೋಷವಾಯಿತು, ಆದರೆ ನೋಡಬೇಕಾದವರು ನೋಡಲಿಲ್ಲವಲ್ಲ ಎನ್ನುವ ಸಂಕಟವೇ ದೊಡ್ಡದಾಗಿತ್ತು.

ಈ ನಡುವೆ ಒಂದು ಫಜೀತಿಯಾಯಿತು, ಅದೇ ನನಗೆ ಆಯುಧ ಕೊಟ್ಟಿತು. ಜೆ.ಪಿ. ನಗರದಲ್ಲಿ ತರಕಾರಿ ಅಂಗಡಿಯ ಮುಂದೆ ನಿಲ್ಲಿಸಿ, ಅವಸರದಲ್ಲಿ ಲಿವರನ್ನು ಡಿಯಲ್ಲೇ ಬಿಟ್ಟು ಕೀ ತಿರುಗಿಸಿ ಆಫ್ ಮಾಡಿದೆ. ಮತ್ತೆ ಸ್ಟಾರ್ಟ್ ಮಾಡಹೋದರೆ ಗಾಡಿ ಉಸಿರೇ ಬಿಡಲೊಲ್ಲದು. ಕೀ ತಿರುಗುತ್ತದೆ, ದೀಪ ಹತ್ತುತ್ತದೆ, ಎಂಜಿನ್ ಮಾತ್ರ ಸತ್ತಂತೆ. ಅಂಗಡಿಯಿಂದ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ‘ಪಿಗೆ ಹಾಕಿ’ ಎಂದರು. ಹಾಕಿದೆ, ತಕ್ಷಣ ಸ್ಟಾರ್ಟ್ ಆಯಿತು. ಪಿ ಅಥವಾ ಎನ್‌ನಲ್ಲಿ ಮಾತ್ರ ಈ ಗಾಡಿ ಸ್ಟಾರ್ಟ್ ಆಗುತ್ತದೆ, ಬೇರೆ ಯಾವುದರಲ್ಲೂ ಇಲ್ಲ. ‘ತಳ್ಳಿದ್ರೂ ಆಗಲ್ಲ, ನೆನಪಿಟ್ಕೊಳ್ಳಿ’ ಎಂದು ಸೇರಿಸಿದರು. ಚೆನ್ನಾಗಿಯೇ ನೆನಪಿಟ್ಟುಕೊಂಡೆ.

ಭಾವ ನನ್ನ ಕಾರಿಗೆ ಬೇರೆಯದೇ ಹೆಸರಿಟ್ಟಿದ್ದರು, ‘ಬೊಂಬೆ ಗಾಡಿ’ ಎಂದು. ‘ಕ್ಲಚ್ ಇಲ್ಲದ್ದು ಕಾರಾ? ಗೇರ್ ಹಾಕೋಕೆ ಬರದೇ ಇರೋರಿಗೆ ಮಾಡಿರೋದು. ಅದನ್ನ ಕಣ್ಣು ಮುಚ್ಕೊಂಡು ಓಡಿಸ್ತೀನಿ ನಾನು’ ಎಂದು ಗೇಟಿನಲ್ಲಿ ನಿಂತು ಎದುರುಮನೆಯವರಿಗೆ ಹೇಳುತ್ತಿದ್ದರು. ಆದರೆ ಮಹಡಿಯ ಕಿಟಕಿಯಿಂದ ನಾನು ಒಂದೆರಡು ಸಲ ನೋಡಿದ್ದೆ. ಯಾರೂ ಇಲ್ಲದಾಗ ಅವರು ನನ್ನ ಕಾರಿನ ಗಾಜಿಗೆ ಮುಖವಿಟ್ಟು, ಕೈ ಅಡ್ಡ ಹಿಡಿದು, ಲಿವರಿನ ಪಕ್ಕದ ಅಕ್ಷರಗಳನ್ನು ಓದುತ್ತಿದ್ದರು. ಓದಿದರೂ ತಿಳಿಯುತ್ತಿರಲಿಲ್ಲ, ಕೇಳಲು ಮರ್ಯಾದೆ ಬಿಡುತ್ತಿರಲಿಲ್ಲ. ಆಗ ನನಗೆ ದಾರಿ ಕಾಣಿಸಿತು.

ದೂರದ ನೆಂಟರ ಮಗಳ ಮದುವೆ. ಬನಶಂಕರಿಯ ಒಂದು ಛತ್ರ. ಯಜಮಾನಿಕೆಯೆಲ್ಲ ಭಾವನದೇ, ರೇಷ್ಮೆ ಪಂಚೆ, ಶಲ್ಯ, ಕೈಯಲ್ಲಿ ಪನ್ನೀರಿನ ದಾನಿ. ನಾನು ಬೇಕೆಂದೇ ನನ್ನ ಕಾರನ್ನು ಗೇಟಿನ ಒಳಗೆ, ವರನ ಕಾರು ಬಂದು ನಿಲ್ಲಬೇಕಾದ ಜಾಗದಲ್ಲಿ ನಿಲ್ಲಿಸಿ ಒಳಗೆ ಹೋಗಿ ಕೂತೆ. ಇದನ್ನು ಈಗ ಮುಚ್ಚಿಡುವ ಅಗತ್ಯವೇನೂ ಇಲ್ಲ. ವಾಲಗ ಶುರುವಾಯಿತು, ವರನ ಕಾರು ಬೀದಿಯಲ್ಲಿ ಬಂದು ನಿಂತಿತು, ‘ಒಳಗಿರೋ ಗಾಡಿ ಯಾರ್ದು, ತೆಗೀರಿ’ ಎಂಬ ಕೂಗೆದ್ದಿತು. ನಾನು ಎದ್ದು ನಿಧಾನವಾಗಿ, ನನ್ನ ಕಾಲು ಎಷ್ಟು ನಿಧಾನ ಮಾಡಬಲ್ಲುದೋ ಅಷ್ಟು ನಿಧಾನವಾಗಿ ಹೊರಟೆ.

ನಾನು ಅಂದುಕೊಂಡ ಹಾಗೆಯೇ ಭಾವ ಕೈ ಚಾಚಿದರು.

‘ಕೀ ಕೊಡಮ್ಮ ಇಲ್ಲಿ. ನೀನು ಸೀರೆ ಎತ್ಕೊಂಡು ಹೋಗಿ ಹತ್ತೋಷ್ಟರಲ್ಲಿ ಮುಹೂರ್ತ ಮೀರತ್ತೆ.’

‘ನಿಮಗೆ ಬರತ್ತಾ ಭಾವ? ಇದು ಬೇರೆ ಥರ ಗಾಡಿ.’

‘ಹೋಗಮ್ಮ, ನನಗೆ ಹೇಳ್ತೀಯಾ?’ ಎಂದು ಸುತ್ತ ನಿಂತವರ ಕಡೆ ತಿರುಗಿ ಕಣ್ಣು ಮಿಟುಕಿಸಿದರು. ಕೀ ಕೊಟ್ಟೆ. ಕಾರಿನ ಮುಂದೆ ಆಡುತ್ತಿದ್ದ ಮಕ್ಕಳನ್ನು ಮಾತ್ರ ಕರೆದು ಜಗಲಿಯ ಮೇಲೆ ಹತ್ತಿಸಿ ನಿಲ್ಲಿಸಿದೆ. ನನ್ನ ಜಗಳ ಇದ್ದದ್ದು ಒಬ್ಬರ ಹತ್ತಿರ.

ಕಾರು ಪಿಯಲ್ಲಿದ್ದುದರಿಂದ ಸ್ಟಾರ್ಟ್ ಆಯಿತು. ಬ್ರೇಕ್ ಒತ್ತಿ ಲಿವರನ್ನು ಡಿಗೆ ಎಳೆದರು, ಬ್ರೇಕ್ ಬಿಟ್ಟೊಡನೆ ಕಾರು ತಾನೇ ಮುಂದಕ್ಕೆ ಹೊರಟಿತು. ಗಾಬರಿಯಾಯಿತು ಅವರಿಗೆ. ಹರೆಯದಿಂದಲೂ ಕ್ಲಚ್ ತುಳಿದು ತುಳಿದು ಪಳಗಿದ ಎಡಗಾಲು ತಾನಾಗಿ ಎದ್ದು ಕ್ಲಚ್ ಹುಡುಕಿತು. ಅಲ್ಲಿದ್ದದ್ದು ಅಗಲವಾದ ಬ್ರೇಕು. ಅದನ್ನೇ ಪೂರ್ತಿ ಬಲದಿಂದ ತುಳಿದರು. ಕಾರು ಗಕ್ಕನೆ ನಿಂತು ಭಾವನ ಹಣೆ ಸ್ಟಿಯರಿಂಗಿಗೆ ತಾಗಿತು. ಹಾರನ್ ಕೂಗಿತು. ಮಕ್ಕಳು ‘ಓ’ ಎಂದು ಚಪ್ಪಾಳೆ ತಟ್ಟಿದರು. ಇನ್ನೊಮ್ಮೆ ಬಿಟ್ಟರು, ಇನ್ನೊಮ್ಮೆ ತುಳಿದರು, ಇನ್ನೊಮ್ಮೆ ಹಾರನ್. ಸಿಟ್ಟಿನಲ್ಲಿ ಕೀ ತಿರುಗಿಸಿ ಆಫ್ ಮಾಡಿದರು. ಲಿವರು ಡಿಯಲ್ಲೇ ಉಳಿಯಿತು.

ಆಮೇಲೆ ನಡೆದದ್ದನ್ನು ನಾನು ಕೈಕಟ್ಟಿ ನಿಂತು ಕಣ್ತುಂಬ ನೋಡಿದೆ. ಕೀ ತಿರುಗಿಸುತ್ತಾರೆ, ಏನೂ ಇಲ್ಲ. ‘ಬ್ಯಾಟರಿ ಹೋಗಿದೆ’ ಎಂದರು ಒಬ್ಬರು. ‘ಪೆಟ್ರೋಲ್ ಇದೆಯಾ ನೋಡಿ’ ಎಂದರು ಇನ್ನೊಬ್ಬರು. ಭಾವ ತಲೆ ಹೊರಹಾಕಿ ‘ತಳ್ರಪ್ಪಾ’ ಎಂದರು. ಶಲ್ಯ ಸೊಂಟಕ್ಕೆ ಬಿಗಿದು ನೆಂಟರು ತಳ್ಳಿದರು. ಅಂಗಳ ಪೂರ್ತಿ ಒಂದು ಸುತ್ತು ತಳ್ಳಿದರು. ಬೀದಿಯಲ್ಲಿ ವರ ಬಿಸಿಲಿಗೆ ಬೆವರುತ್ತಿದ್ದ, ವಾಲಗದವರು ಅದೇ ರಾಗವನ್ನು ಎಷ್ಟು ಸಲ ನುಡಿಸಿದರೋ. ನನ್ನ ಗಂಡ ಹತ್ತಿರ ಬಂದು ಮೆಲ್ಲಗೆ ಕೇಳಿದರು: ‘ನಿಂಗೆ ಗೊತ್ತಿದೆ ಅಲ್ವಾ, ಏನಾಗಿದೆ ಅಂತ?’

‘ಗೊತ್ತಿದೆ.’

‘ಹೇಳಬಾರದಾ?’

‘ಕೋಸಂಬರಿ ಚೆನ್ನಾಗಿದೆಯಂತೆ, ಹೋಗಿ ತಿನ್ನಿ’ ಎಂದೆ. ಅವರಿಗೆ ಅರ್ಥವಾಯಿತು.

ಭಾವನ ಬಿಳಿ ಜುಬ್ಬ ಬೆನ್ನಿಗೆ ಅಂಟಿಕೊಂಡಾಗ ನಾನು ಹೋಗಿ ಬಾಗಿಲು ತೆಗೆದೆ. ‘ಇಳೀರಿ ಭಾವ’ ಎಂದೆ. ಇಳಿದರು. ನಾನು ಕೂತು, ಎಡಗಾಲು ಒಳಕ್ಕೆಳೆದುಕೊಂಡು, ಲಿವರನ್ನು ಪಿಗೆ ತಂದು ಕೀ ತಿರುಗಿಸಿದೆ. ಒಂದೇ ಸಲಕ್ಕೆ ಎಂಜಿನ್ ಹೊತ್ತಿಕೊಂಡಿತು. ಗಾಜು ಇಳಿಸಿ, ತಳ್ಳಿ ಸುಸ್ತಾಗಿದ್ದವರಿಗೆಲ್ಲ ಕೇಳಿಸುವ ಹಾಗೆ ಹೇಳಿದೆ:

‘ತಪ್ಪು ತಿಳ್ಕೋಬೇಡಿ. ಕಾಲು ನೆಟ್ಟಗಿರೋರು. ಹಿಂಸೆ ಮಾಡಿದ್ರು ಅಂತ ಕೂರಿಸ್ದೆ.’

ಮೊದಲು ಯಾರೂ ನಗಲಿಲ್ಲ. ಆಮೇಲೆ ಒಂದು ನಗು ಜಗಲಿಯ ಕಡೆಯಿಂದ ಕೇಳಿಸಿತು. ಓರಗಿತ್ತಿ. ಸೆರಗು ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು. ಅವಳು ನಕ್ಕಳೆಂದು ಎಲ್ಲರೂ ನಕ್ಕರು.

ಭಾವ ಆಮೇಲೆ ಬಹಳ ತಿಂಗಳು ನನ್ನ ಹತ್ತಿರ ಮಾತು ಬಿಟ್ಟರು. ನನಗೆ ಅದು ಸಾಕಾಗಲಿಲ್ಲ. ನೆಂಟರು ಸೇರಿದಲ್ಲೆಲ್ಲ ಛತ್ರದ ಕಥೆಯನ್ನು ನಾನೇ ಎತ್ತಿ ಹೇಳಿದೆ. ಹಣೆ ಹಾರನ್ನಿಗೆ ತಾಗಿದ್ದನ್ನು ನಟಿಸಿ ತೋರಿಸಿದೆ. ಭಾವ ಎದ್ದು ಹೋದರೆ ಧ್ವನಿ ಏರಿಸಿದೆ. ಅವರ ಹಳೆಯ ಕಥೆ ತಾನಾಗಿ ಸತ್ತುಹೋಯಿತು. ಯಾರೂ ಅದನ್ನು ಮತ್ತೆ ಕೇಳಲಿಲ್ಲ. ಸೇಡು ತೀರಿದ ಮೇಲೆ ಮನಸ್ಸು ಖಾಲಿಯಾಗುತ್ತದೆ ಎನ್ನುತ್ತಾರಲ್ಲ, ನನ್ನದು ಆಗಲಿಲ್ಲ. ಹಬ್ಬದ ಊಟ ಮಾಡಿದಷ್ಟು ತೃಪ್ತಿಯಾಯಿತು.

ಅತ್ತೆ ತೀರಿಕೊಂಡು ಕೆಲವು ವರ್ಷಗಳಾದ ಮೇಲೆ ಭಾವನ ಎಡಮಂಡಿ ಸವೆಯಿತು. ಕ್ಲಚ್ ತುಳಿದರೆ ಪ್ರಾಣ ಹೋಗುವ ನೋವು. ಬಿಳಿ ಕಾರನ್ನು ಮಾರಿದರು. ನನ್ನ ಕಾರನ್ನು ಓಡಿಸುತ್ತೇನೆಂದು ಅವರು ಕೇಳಲಿಲ್ಲ, ನಾನೂ ಕರೆಯಲಿಲ್ಲ. ಒಂದು ಮಧ್ಯಾಹ್ನ ಓರಗಿತ್ತಿ ಮಹಡಿ ಹತ್ತಿ ಬಂದು ಬಾಗಿಲಲ್ಲೇ ನಿಂತಳು.

‘ನಂಗೆ ಕಲಿಸ್ತೀಯೇನೇ?’

‘ಏನನ್ನ ಅಕ್ಕ?’

‘ನಿನ್ನ ಕಾರು. ಅವರಿಗೆ ಹೇಳಬೇಡ.’

ಆ ಕ್ಷಣದಲ್ಲಿ ನನಗಾದ ಆನಂದ ಛತ್ರದಲ್ಲಿಯೂ ಆಗಿರಲಿಲ್ಲ. ಬಾಗಿಲಿನ ಹಿಡಿ ಮುಟ್ಟಲೂ ಬಿಡದವರ ಹೆಂಡತಿ ಕಾರು ಓಡಿಸುತ್ತಾಳೆ! ಇದಕ್ಕಿಂತ ಒಳ್ಳೆಯ ಏಟು ನನಗೆ ಹೊಳೆದೇ ಇರಲಿಲ್ಲ. ಮಾರನೆಯ ದಿನದಿಂದಲೇ ಶುರು. ಐವತ್ತು ದಾಟಿದ್ದರೂ ಅಕ್ಕ ಚುರುಕು. ಕ್ಲಚ್ ಎಂದೂ ತುಳಿಯದ ಕಾಲು, ಹಾಗಾಗಿ ಮರೆಯಬೇಕಾದ್ದು ಏನೂ ಇರಲಿಲ್ಲ.

ಒಂದು ಸಂಜೆ ಬಿ.ಟಿ.ಎಂ. ಲೇಔಟಿನಲ್ಲಿ ಮಳೆ ಹೊಡೆದು ರಸ್ತೆಯೆಲ್ಲ ಕೆರೆಯಾಗಿತ್ತು. ಬೈಕುಗಳು ಕೆಟ್ಟು ನಿಂತಿದ್ದವು. ನಾನು ‘ಬಿಡಿ ಅಕ್ಕ, ನಾನು ಕೂತ್ಕೋತೀನಿ’ ಎಂದೆ. ಅಕ್ಕ ತಲೆ ಅಲ್ಲಾಡಿಸಿ ಲಿವರನ್ನು ಎಲ್‌ಗೆ ಇಳಿಸಿದಳು. ಆಕ್ಸಿಲರೇಟರನ್ನು ಒಂದೇ ಸಮನೆ ಒತ್ತಿ, ಮುಂದಿನ ಗಾಡಿ ದಾಟುವ ತನಕ ಕಾದು, ನಿಲ್ಲದೆ, ಅವಸರಿಸದೆ ನೀರು ದಾಟಿಸಿದಳು. ದಾಟಿದ ಮೇಲೆ ಬ್ರೇಕನ್ನು ಎರಡು ಸಲ ಮೆಲ್ಲಗೆ ಒತ್ತಿ ಒಣಗಿಸಿದಳು. ಅದೂ ನಾನೇ ಹೇಳಿಕೊಟ್ಟದ್ದು. ಆಮೇಲೆ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದಳು:

‘ಛತ್ರದಲ್ಲಿ ನೀನು ಒಂದು ಸಲ ಮಾಡಿದೆ. ನಂದು ಮೂವತ್ತು ವರ್ಷದ ಬಾಕಿ ಇದೆ ಕಣೇ.’

ಏನೆಂದು ಕೇಳಿದ್ದರೆ ಹೇಳುತ್ತಿದ್ದಳೇನೋ. ಇಷ್ಟು ವರ್ಷ ಭಾವನ ಬಗ್ಗೆ ಹಲ್ಲು ಕಡಿಯುವ ಹಕ್ಕು ನನಗೊಬ್ಬಳಿಗೇ ಇದೆ ಎಂದುಕೊಂಡಿದ್ದೆ. ಆ ಸೀಟಿನಲ್ಲಿ ಕೂತು ನನ್ನದು ಎಷ್ಟು ಚಿಕ್ಕದು ಎನ್ನಿಸಿತು.

ಲೈಸೆನ್ಸ್ ಕೈಗೆ ಬಂದ ವಾರವೇ ಅಕ್ಕ ಬೆಳಿಗ್ಗೆ ಸ್ನಾನ ಮಾಡಿ, ತಲೆಗೆ ಹೂ ಮುಡಿದು, ನನ್ನ ಹತ್ತಿರ ಕೀ ಇಸಕೊಂಡಳು. ಬೇಗೂರಿನ ನಾಗೇಶ್ವರನ ಗುಡಿಗೆ ಹೋಗಿ ಕೆರೆಯ ದಂಡೆಯಲ್ಲಿ ಸ್ವಲ್ಪ ಹೊತ್ತು ಕೂತು ಬರುತ್ತೇನೆ ಎಂದಳು. ‘ನಾನೂ ಬರ್ಲಾ?’ ಎಂದೆ. ‘ಬೇಡ’ ಎಂದಳು. ಆರ್‌ಗೆ ಹಾಕಿ ಗೇಟಿನಿಂದ ಹೊರಕ್ಕೆ ತಂದು, ಪೂರ್ತಿ ನಿಂತ ಮೇಲೆ ಡಿಗೆ ಹಾಕಿ, ನೇರ ಹೊರಟುಹೋದಳು.

ಊಟದ ಹೊತ್ತಿಗೆ ಕೆಳಗಿನಿಂದ ಭಾವನ ಧ್ವನಿ ಕೇಳಿಸಿತು. ಮಂಡಿ ನೋವಿಗೆ ಮಹಡಿ ಹತ್ತಲಾರದೆ ಮೆಟ್ಟಿಲ ಬುಡದಲ್ಲಿ ನಿಂತು ಕೂಗುತ್ತಿದ್ದರು.

‘ನಿಮ್ಮಕ್ಕ ಮೇಲೆ ಇದಾಳಾ?’

‘ಇಲ್ಲ ಭಾವ. ಕಾರು ತಗೊಂಡು ಹೋಗಿದಾರೆ.’

‘ಯಾರು ಓಡಿಸ್ತಿದಾರೆ?’

‘ಅಕ್ಕನೇ.’

ಗೇಟಿನ ಕಡೆ ತಿರುಗಿ ನೋಡಿದರು. ಆಮೇಲೆ, ‘ಅಡಿಗೆ ಮಾಡಿಲ್ಲ. ಎಷ್ಟೊತ್ತಿಗೆ ಬರ್ತಾಳಂತೆ?’

‘ಹೇಳಿಲ್ಲ’ ಎಂದೆ. ನಮ್ಮ ಮನೆಯಲ್ಲಿ ಹುಳಿ ಕುದಿಯುತ್ತಿತ್ತು. ವಾಸನೆ ಕೆಳಗಿನ ತನಕ ಹೋಗಿರಬೇಕು. ಅವರು ಇನ್ನೂ ನಿಂತೇ ಇದ್ದರು. ನಾನು ಒಳಗೆ ಬಂದು ಎರಡು ತಟ್ಟೆ ಇಟ್ಟು, ನನ್ನ ಗಂಡನನ್ನು ಊಟಕ್ಕೆ ಕರೆದೆ.